ಗೆಡ್ಡೆಗೆ ಹಾಕಿದ ಕೆಂಪು ಕೊಂಡಿ

ನನ್ನ ಹಳೆಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ತೀರಿಕೊಂಡ ಸುದ್ದಿ ಬಂದಾಗ ನಾನು ಶೇಂಗಾ ಹೋಳಿಗೆ ತಿನ್ನುತ್ತಿದ್ದೆ. ತಿನ್ನುವುದನ್ನು ನಿಲ್ಲಿಸಲಿಲ್ಲ. ಸುದ್ದಿ ತಂದ ಸಹೋದ್ಯೋಗಿ ನನ್ನ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದರು. ಕಣ್ಣೀರು ಬರಬಹುದೆಂದು ಕಾದಿದ್ದರೋ ಏನೋ. ಅವರ ಕೈಗೂ ಒಂದು ಹೋಳಿಗೆ ಕೊಟ್ಟು ತುಪ್ಪ ಹಾಕಿದೆ. ಮಣ್ಣಿಗೆ ಹೋಗಲಿಲ್ಲ, ಕಾಲೇಜಿನಲ್ಲಿ ನಡೆದ ಶೋಕಸಭೆಗೂ ಹೋಗಲಿಲ್ಲ. ಸತ್ತ ಮರುದಿನವೇ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ನನ್ನ ಮಟ್ಟಿಗೆ ಅವರು ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಯಾಕೆ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ: ನನ್ನ ಗಿಡ ಕದ್ದರು. ಕೇಳಿದವರು ನಗುತ್ತಿದ್ದರು. ಗಿಡ ಕದಿಯುವುದೆಂದರೆ ಅವರ ಕಣ್ಣಿಗೆ ಯಾರೋ ಕಂಪೌಂಡು ಹಾರಿ ಬಂದು ಮಲ್ಲಿಗೆ ಬಳ್ಳಿ ಕಿತ್ತುಕೊಂಡು ಹೋದ ಹಾಗೆ. ಹಾಗಾಗಿ ಪೂರ್ತಿ ಹೇಳುತ್ತೇನೆ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಅಪ್ಪ ಬೇಗ ಹೋದ ಮೇಲೆ ಅವ್ವನೇ ಕುಣಿ ಮಗ್ಗಕ್ಕೆ ಇಳಿದು ಸೀರೆ ನೇಯ್ದು ನನ್ನನ್ನು ಧಾರವಾಡದವರೆಗೆ ಓದಿಸಿದಳು. ಅವಳು ನೇಯ್ದ ಸೀರೆಗಳು ಅಂಗಡಿಯವರ ಮುದ್ರೆ ಬಿದ್ದು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದೆ. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. ವಿಭಾಗದಲ್ಲಿ ಹೆಂಗಸೆಂದರೆ ನಾನೊಬ್ಬಳೇ. ನನ್ನ ಕುರ್ಚಿಯನ್ನು ಮೈಕ್ರೋಸ್ಕೋಪಿನ ಕಪಾಟಿನ ಹಿಂದೆ, ಬಾಗಿಲಿಗೆ ಬೆನ್ನಾಗುವಂತೆ ಹಾಕಿಸಿದ್ದರು. ಹಾಕಿಸಿದವರು ಮುಖ್ಯಸ್ಥರು.

ಅವರಿಗೆ ಆಗ ಐವತ್ತರ ಆಸುಪಾಸು. ಟೆರಿಲಿನ್ ಪ್ಯಾಂಟು, ಬಾಯಲ್ಲಿ ಸದಾ ಜರ್ದಾ ಎಲೆ, ಮುಂದೆ ಬಂದ ಹೊಟ್ಟೆ, ಸವೆದ ಮೊಣಕಾಲು. ಗಿಡಗಳನ್ನು ಪುಸ್ತಕದಲ್ಲಿ ಬಲ್ಲವರು. ಪ್ರತಿ ಶ್ರಾವಣದಲ್ಲಿ ವಿದ್ಯಾರ್ಥಿಗಳನ್ನು ಬದಾಮಿಗೆ ಕರೆದೊಯ್ಯುವುದು ವಿಭಾಗದ ಪದ್ಧತಿ. ಮೀಟರ್ ಗೇಜ್ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಬಿಸಿಲು ಏರುವುದರೊಳಗೆ ಅಲ್ಲಿ. ಮುಖ್ಯಸ್ಥರು ಕೆರೆಯ ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂತು ಉಪ್ಪಿಟ್ಟಿನ ಡಬ್ಬಿ ಬಿಚ್ಚಿದರೆಂದರೆ ಅಲ್ಲಿಗೆ ಅವರ ಪ್ರವಾಸ ಮುಗಿಯಿತು.

"ನೀವು ಹೋಗ್ಬರ್ರಿ ಮೇಡಮ್ಮಾರ. ಮ್ಯಾಲೇನೈತಿ, ಬರೇ ಕಲ್ಲು," ಎನ್ನುತ್ತಿದ್ದರು.

ನಾನು ಸೀರೆಗೆ ಕಚ್ಚೆ ಹಾಕಿ ಹುಡುಗರನ್ನು ಕರೆದುಕೊಂಡು ಉತ್ತರದ ಗುಡ್ಡ ಹತ್ತುತ್ತಿದ್ದೆ. ಮೊದಲ ವರ್ಷವೇ, ಹುಡುಗರು ಕೋಟೆಯ ಮೇಲೆ ಸುಸ್ತಾಗಿ ಕೂತಾಗ, ನಾನು ಹಿಂಬದಿಯಲ್ಲಿ ಇಳಿದು ಒಂದು ಕಿರಿದಾದ ಕಲ್ಲಿನ ಅಂಚಿಗೆ ಹೋದೆ. ಕೆಂಪು ಬಂಡೆಯ ಸೀಳಿನಲ್ಲಿ ಒಂದು ಹಿಡಿ ಮರಳುಮಣ್ಣು, ಅದರಲ್ಲಿ ಗೇಣುದ್ದದ ಒಂದು ಗಿಡ. ಸಣ್ಣ ಎಲೆ, ಒಂದೇ ಹೂವು. ಹೆಬ್ಬೆರಳಷ್ಟು ಉದ್ದದ ಹಸಿರು ಕೊಳವೆ, ಬುಡದಲ್ಲಿ ಉಬ್ಬು, ತುದಿಯಲ್ಲಿ ಐದು ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಪಂಜರವಾಗಿದ್ದವು. ಪಂಜರದ ಸಂದಿಯಿಂದ ಸಣ್ಣ ನೊಣಗಳು ಒಳಗೆ ಇಳಿಯುತ್ತಿದ್ದವು. ಒಳಗಿನ ಕೂದಲುಗಳು ಕೆಳಮುಖವಾಗಿರುವುದರಿಂದ ಅವು ಬಾಡುವವರೆಗೆ ನೊಣಕ್ಕೆ ಹೊರಬರಲು ಆಗುವುದಿಲ್ಲ. ಪಂಜರದಂಥ ಹೂ ಬಿಡುವ ಈ ಕುಟುಂಬದ ಗಿಡಗಳನ್ನು ಧಾರವಾಡದಲ್ಲಿ ಓದಿದ್ದೆ, ಸಹ್ಯಾದ್ರಿಯಲ್ಲಿ ನೋಡಿದ್ದೆ. ಅವೆಲ್ಲ ಹೆಚ್ಚಾಗಿ ಬಳ್ಳಿಗಳು. ಇದು ನೆಟ್ಟಗೆ ನಿಂತಿತ್ತು, ಕೊಳವೆಯ ಹೊರಮೈ ತುಂಬ ಬೂದು ಬಣ್ಣದ ಕೂದಲಿತ್ತು. ಇಂಥ ಹೂವನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ.

ಅಲ್ಲೇ ಮೇಲೆ ಆಡು ಕಾಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡುತ್ತ ನಿಂತಿದ್ದಳು. "ಇದಕ್ಕೇನಂತೀರಿ ಅಕ್ಕಾರ?" ಎಂದು ಕೇಳಿದೆ.

"ಏನೂ ಅನ್ನೂದಿಲ್ಲ. ತಿಂತೀವಿ," ಎಂದಳು. ಇಳಿದು ಬಂದು, ಪಕ್ಕದ ಸೀಳಿನಲ್ಲಿದ್ದ ಇನ್ನೊಂದನ್ನು ಕೋಲಿನ ತುದಿಯಿಂದ ಮೀಟಿ, ನಿಂಬೆಹಣ್ಣಿನಷ್ಟು ಗೆಡ್ಡೆಯನ್ನು ಸೆರಗಿಗೆ ಒರೆಸಿ ಕಚ್ಚಿದಳು. ನನಗೂ ಅರ್ಧ ಕೊಟ್ಟಳು. ನೀರುನೀರಾಗಿತ್ತು, ರುಚಿ ಏನೂ ಇರಲಿಲ್ಲ.

ಕೆಳಗೆ ಬಂದು ಮುಖ್ಯಸ್ಥರಿಗೆ ತೋರಿಸಿದೆ. ಕೈಗೂ ತೆಗೆದುಕೊಳ್ಳದೆ, ಎಲೆಯ ರಸ ಪಕ್ಕಕ್ಕೆ ಉಗಿದು ಹೇಳಿದರು: "ಮಳಿ ಸಾಲದ ಕುಳ್ಳ ಆಗ್ಯಾವ. ಘಟ್ಟದಾಗ ಇದ ಗಿಡ ಬಳ್ಳಿಯಾಗಿ ಬೆಳೀತೈತಿ."

"ಹೂವಿನ ಮ್ಯಾಲ ಕೂದಲ ಅದಾವ್ರಿ ಸರ್."

"ಧೂಳ ಇರಬೇಕು. ಬದಾಮಿಯಾಗ ಹೊಸಾದೇನು ಹುಟ್ಟತೈತ್ರಿ ಮೇಡಮ್ಮಾರ? ಆಡು ತಿಂದು ಬಿಟ್ಟಿದ್ದಷ್ಟ ಇಲ್ಲಿ ಇರೂದು."

ಹುಡುಗರು ನಕ್ಕರು. ಮುಖ್ಯಸ್ಥರ ಮಾತಿಗೆ ನಗಬೇಕೆಂಬುದು ಅವರಿಗೆ ಗೊತ್ತಿತ್ತು. ಕೂದಲಿಗೂ ಧೂಳಿಗೂ ವ್ಯತ್ಯಾಸ ತಿಳಿಯದವಳೇ ನಾನು ಎಂದು ಮೈ ಉರಿದುಹೋಯಿತು. ಅವತ್ತೇ ಹಟ ತೊಟ್ಟೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಅಂತ ಸುಳ್ಳು ಹೇಳುವುದಿಲ್ಲ. ಆ ಉಗುಳಿಗೆ ಉತ್ತರ ಕೊಡಬೇಕಿತ್ತು.

ಒಂದು ಗಿಡ ಹೊಸದೆಂದು ಹೇಳಬೇಕಾದರೆ ಹೂವೊಂದೇ ಸಾಲದು. ಕಾಯಿ ಬೇಕು, ಬೀಜ ಬೇಕು, ಗೆಡ್ಡೆ ಬೇಕು. ಮುಂದಿನ ಎರಡು ಮಳೆಗಾಲದ ಭಾನುವಾರಗಳನ್ನೆಲ್ಲ ಆ ಕಲ್ಲಿನ ಅಂಚಿಗೆ ಸುರಿದೆ. ಕಾಯಿ ಕಟ್ಟುವ ಹೊತ್ತಿಗೆ ಆಡು ಮೇಯುತ್ತಿದ್ದವು. ಆಡು ಬಿಟ್ಟದ್ದನ್ನು ಮನುಷ್ಯರು ಕೀಳುತ್ತಿದ್ದರು. ಎರಡನೇ ವರ್ಷ ನಾಲ್ಕು ಗಿಡಗಳ ಸುತ್ತ ಕಲ್ಲು ಪೇರಿಸಿ, ಮೇಲೆ ಜಾಲಿಮುಳ್ಳು ಹಾಕಿ ಬಂದೆ. ಆಡಿನ ಹೆಂಗಸು ನೋಡಿ ನಕ್ಕಳು, ಆದರೆ ಮುಳ್ಳು ಸರಿಸಲಿಲ್ಲ. ಒಮ್ಮೆ ಹಸಿ ಬಂಡೆಯಲ್ಲಿ ಜಾರಿ ಮೊಣಕಾಲಿನ ಚಕ್ಕೆ ಎದ್ದಿತು. ಅದರ ಕಲೆ ಈಗಲೂ ಇದೆ. ಕೊನೆಗೆ ಎರಡು ಸಣ್ಣ ಕೋಡಿನಂಥ ಕಾಯಿಗಳು, ಒಳಗೆ ರೇಷ್ಮೆ ಕುಚ್ಚು ಕಟ್ಟಿಕೊಂಡ ಬೀಜಗಳು ಸಿಕ್ಕವು. ನಾಲ್ಕು ಗಿಡಗಳನ್ನೂ ಬೇರುಸಹಿತ ತಂದು, ಹಳೆಯ ಪತ್ರಿಕೆಗಳ ನಡುವೆ ಇಟ್ಟು ಹಲಗೆ ಬಿಗಿದು, ದಿನಕ್ಕೊಮ್ಮೆ ಕಾಗದ ಬದಲಿಸುತ್ತ ಒಣಗಿಸಿದೆ. ಎಲ್ಲಿ, ಯಾವಾಗ, ಯಾವ ಕಲ್ಲಿನ ಮೇಲೆ ಎಂಬುದೆಲ್ಲ ವಿಭಾಗದ ಕ್ಷೇತ್ರ ಪುಸ್ತಕದಲ್ಲಿ ಬರೆದೆ. ಆ ಪುಸ್ತಕ ಮುಖ್ಯಸ್ಥರ ಕಪಾಟಿನಲ್ಲಿರುತ್ತಿತ್ತು. ಬರೆದು ಅಲ್ಲೇ ಇಡಬೇಕು, ಮನೆಗೆ ಒಯ್ಯುವಂತಿರಲಿಲ್ಲ.

ತೊಂದರೆ ಬಂದದ್ದು ಗೆಡ್ಡೆಯಿಂದ. ಒಣಗಿದ ಗಿಡವನ್ನು ದಪ್ಪ ಬಿಳಿ ಹಾಳೆಗೆ, ಅಂದರೆ ಹರ್ಬೇರಿಯಂ ಹಾಳೆಗೆ, ಅಂಟಿಸುವುದು ಪದ್ಧತಿ. ಎಲೆ ಹೂವು ಅಂಟಿದವು. ಉದ್ದಕ್ಕೆ ಸೀಳಿ ಒಣಗಿಸಿದ ಗೆಡ್ಡೆ ಮಾತ್ರ ಗೋಂದಿಗೆ ನಿಲ್ಲಲಿಲ್ಲ. ಅಂಥದ್ದನ್ನು ಸೂಜಿದಾರದಿಂದ ಹಾಳೆಗೆ ಹೊಲಿಯಬೇಕು. ನಾನು ಬಿಳಿ ದಾರ ಹಾಕಿ ಬಿಗಿದೆ. ದಾರ ಗೆಡ್ಡೆಯನ್ನು ಕೊಯ್ದು ಚೂರು ಮಾಡಿತು. ಒಂದು ಗಿಡದ ಗೆಡ್ಡೆ ಹಾಗೇ ಹಾಳಾಯಿತು. ಉಳಿದ ಮೂರನ್ನು ರಟ್ಟಿನ ನಡುವೆ ಇಟ್ಟುಕೊಂಡು ದೀಪಾವಳಿ ಸೂಟಿಗೆ ಇಳಕಲ್ಲಿಗೆ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟಿಗೆ ಇಳಿದರು. ನಾನು ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದೆ.

ಅವ್ವ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಾನು ಹಾಳು ಮಾಡಿದ ಚೂರನ್ನೂ ನೋಡಿದಳು. "ಗಂಟ ಹಾಕಿ ಜಗ್ಗೀದಿ. ಹಿಂತಾದ್ದಕ್ಕ ಗಂಟ ಹಾಕಬಾರದು," ಎಂದಳು.

ಇಳಕಲ್ ಸೀರೆ ಬಲ್ಲವರಿಗೆ ಗೊತ್ತು, ಅದರ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸಿನ ಎಳೆಗಳನ್ನೂ ಗಂಟಿಲ್ಲದೆ, ಕುಣಿಕೆಯೊಳಗೆ ಕುಣಿಕೆ ತೂರಿಸಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಅವ್ವ ಸೆರಗಿಗೆ ಉಳಿದ ಕೆಂಪು ರೇಷ್ಮೆ ಎಳೆಗಳನ್ನು ಎರಡಾಗಿ ಹುರಿ ಮಾಡಿ, ಗೆಡ್ಡೆಯ ಮೇಲೆ ಸಡಿಲವಾಗಿ ತಂದು, ಹಾಳೆಯ ಹಿಂದೆ ಕೊಂಡಿ ಹಾಕಿದಳು. ಒಂದೊಂದು ಗೆಡ್ಡೆಗೆ ಐದು. ಹಿಂದೆ ತಿರುಗಿಸಿದರೆ ಐದು ಪುಟ್ಟ ಕುಣಿಕೆಗಳು ಒಂದೇ ಸಾಲಿನಲ್ಲಿ, ಎಲ್ಲವೂ ಎಡಕ್ಕೆ ವಾಲಿ ಕೂತಿದ್ದವು. ಅವ್ವನ ಕೈ ಹಾಗೆ. ಅವಳು ಎಡಚಿ, ನಮ್ಮ ಓಣಿಯಲ್ಲಿ ಎಡಕ್ಕೆ ವಾಲಿದ ಕೊಂಡಿ ಅವಳದೊಂದೇ. ಗೆಡ್ಡೆ ಹಂದಾಡಲಿಲ್ಲ, ಮುರಿಯಲೂ ಇಲ್ಲ. ಮೂರು ಹಾಳೆಗೆ ಅವಳಿಗೆ ಒಂದು ಮಧ್ಯಾಹ್ನ ಹಿಡಿಯಿತು.

ಹಾಳೆಯ ಕೆಳಗಿನ ಬಲಮೂಲೆಯನ್ನು ಬೆರಳಿನಿಂದ ತಟ್ಟಿ, "ಇಲ್ಲೆ ಖಾಲಿ ಯಾಕ ಬಿಟ್ಟೀದಿ?" ಎಂದು ಕೇಳಿದಳು.

"ಅಲ್ಲೆ ಚೀಟಿ ಅಂಟಸ್ತಾರ ಬೇ. ಯಾರು ಕಿತ್ತರು, ಎಲ್ಲೆ ಕಿತ್ತರು, ಯಾರು ಹೆಸರಿಟ್ಟರು ಅಂತ."

"ಹೊಲಿದಾಕಿ ಹೆಸರ?"

"ಅದನ್ನ ಬರಿಯೂದಿಲ್ಲ."

ಅವ್ವ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು ಎದ್ದಳು. ಆ ವರ್ಷವೇ ಅವಳು ನನ್ನಿಂದ ತನ್ನ ಹೆಸರು ಬರೆಯಲು ಕಲಿತಿದ್ದಳು. ಎಲ್ಲಿ ಹೋದರೂ ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ದೂರ ಸರಿಸಿ, ಪೆನ್ನು ಕೇಳಿ, ತಡವಾಗಿಯಾದರೂ ತಾನೇ ಬರೆಯುತ್ತಿದ್ದಳು. ನಾನು ಅವತ್ತು ಆ ಪ್ರಶ್ನೆಗೆ ಗಮನ ಕೊಡಲಿಲ್ಲ.

ಹಾಳೆಗಳನ್ನು ನೋಡಿ ಮುಖ್ಯಸ್ಥರು, "ಇದೇನ್ರಿ, ಹರ್ಬೇರಿಯಂ ಹಾಳಿನೋ ಇಳಕಲ್ಲ ಸೀರಿನೋ? ಬಿಚ್ಚಿ ಬಿಳಿ ದಾರಲೆ ಹೊಲೀರಿ," ಎಂದರು. ಆಗಲಿ ಸರ್ ಎಂದೆ. ಬಿಚ್ಚಲಿಲ್ಲ. ಬಿಚ್ಚಿದರೆ ಗೆಡ್ಡೆ ಉಳಿಯುತ್ತಿರಲಿಲ್ಲ, ಅವರು ಮತ್ತೆ ನೋಡುವವರೂ ಅಲ್ಲ.

ಅಷ್ಟರಲ್ಲಿ ಗೆಡ್ಡೆ ಹಾಳಾದ ನಾಲ್ಕನೇ ಗಿಡವನ್ನು, ಹೂವಿನ ಚಿತ್ರಗಳ ಜೊತೆಗೆ, ಹೊರಗಿನ ಒಬ್ಬ ತಜ್ಞರಿಗೆ ಕಳಿಸಿದ್ದೆ. ಕಾಲೇಜಿನ ಕಾಗದದಲ್ಲಿ ಬರೆದದ್ದರಿಂದ ಉತ್ತರ ಮುಖ್ಯಸ್ಥರ ಹೆಸರಿಗೆ ಬಂತು. ಅವರು ನನ್ನನ್ನು ಕರೆಸಿದರು. ಮೂರು ವರ್ಷಗಳಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು, ಚಹಾ ತರಿಸಿದರು.

"ಹಿಂತಾದ್ದು ಎಲ್ಲೂ ದಾಖಲಾಗಿಲ್ಲಂತ ಬರದಾರ. ಹೊಸಾದ ಇರಬೇಕಂತ," ಎಂದರು. ಕಾಗದವನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಇಲ್ಲಿ ನನ್ನ ಮೂರ್ಖತನ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಖುಷಿಯಲ್ಲಿ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಆಗ ಯಾರೂ ಕೇಳದಿದ್ದರೂ ನಾನೇ ಹೇಳಿದೆ: "ಸರ್, ನಿಮ್ಮ ಹೆಸರ ಮೊದಲ ಇರ್ಲಿ." ನಮ್ಮ ಕಡೆ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಮನೆಯ ಹಿರಿಯರ ಹೆಸರು ಮೇಲೆ ಬರುತ್ತದೆ. ಆ ಹಿರಿಯರು ವರ್ಷಗಟ್ಟಲೆ ಮಾತು ಬಿಟ್ಟಿದ್ದರೂ ಸರಿ, ಮದುವೆಗೆ ಒಂದು ಕಾಸು ಬಿಚ್ಚದಿದ್ದರೂ ಸರಿ. ನಾನು ಆ ಪತ್ರಿಕೆಗಳನ್ನು ಓದಿಯೇ ಬೆಳೆದವಳು. ದೊಡ್ಡವರ ಹೆಸರು ಮೇಲಿದ್ದರೆ ನಮ್ಮದು ಕೆಳಗೆ ಸುರಕ್ಷಿತವಾಗಿರುತ್ತದೆ ಎಂದುಕೊಂಡಿದ್ದೆ. ಮೂರು ಹಾಳೆ, ಚಿತ್ರಗಳು, ವಿವರಣೆ, ಆಗಿನ ನಿಯಮದಂತೆ ನಿಘಂಟು ಹಿಡಿದು ಲ್ಯಾಟಿನ್ನಿನಲ್ಲಿ ಬರೆದ ನಾಲ್ಕು ಸಾಲು, ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟೆ. ಮೂಲೆಯ ಚೀಟಿಯನ್ನು ವಿಭಾಗದ ಟೈಪ್‌ರೈಟರಿನಲ್ಲಿ ಹೊಡೆಸಬೇಕಿತ್ತು, ಅದನ್ನೂ ಅವರಿಗೇ ಬಿಟ್ಟೆ.

"ಪತ್ರಿಕಾಕ್ಕ ಕಳಸೂದು ನನಗ ಬಿಡ್ರಿ," ಎಂದರು.

ಆ ಬೇಸಿಗೆಯಲ್ಲಿ ನನ್ನ ಹುದ್ದೆ ಮುಂದುವರಿಯಲಿಲ್ಲ. ಮುಂದಿನ ವರ್ಷಕ್ಕೆ ಜಾಗವಿಲ್ಲ ಎಂದು ಒಂದು ಸಾಲಿನ ಕಾಗದ ಬಂತು. ನನ್ನ ಕುರ್ಚಿಗೆ ಜುಲೈನಲ್ಲಿ ಬೇರೊಬ್ಬರು ಬಂದರೆಂದು ಆಮೇಲೆ ತಿಳಿಯಿತು. ನಾನು ಹುನಗುಂದದ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಲಸ ಹಿಡಿದು, ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಓಡಾಡಿದೆ. ಮುಖ್ಯಸ್ಥರಿಗೆ ಬರೆದ ಮೊದಲ ಎರಡು ಪತ್ರಗಳಿಗೆ, ಪತ್ರಿಕೆಯವರು ತಡ ಮಾಡುತ್ತಿದ್ದಾರೆ ಎಂದು ಉತ್ತರ ಬಂತು. ಮೂರನೆಯದಕ್ಕೆ ಬರಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಹೋದಾಗ ಗ್ರಂಥಾಲಯದ ಮೇಜಿನ ಮೇಲೆ ಒಂದು ಸಸ್ಯಶಾಸ್ತ್ರ ಪತ್ರಿಕೆ ಬಿದ್ದಿತ್ತು. ಸುಮ್ಮನೆ ತಿರುವಿದೆ. ನಾನು ಬರೆದ ಹೂವಿನ ಚಿತ್ರ ಕಣ್ಣಿಗೆ ಬಿತ್ತು. ಎಡಗಡೆಯ ಎಲೆಯ ತುದಿಯಲ್ಲಿ ನನ್ನ ಪೆನ್ನು ಒಂದು ಚುಕ್ಕೆ ಶಾಯಿ ಚೆಲ್ಲಿತ್ತು, ಅದೂ ಹಾಗೇ ಅಚ್ಚಾಗಿತ್ತು. ಮೇಲೆ ಅವರೊಬ್ಬರದೇ ಹೆಸರು. ಗಿಡಕ್ಕೆ ಅವರು ತಮ್ಮ ಗುರುಗಳ ಹೆಸರಿಟ್ಟಿದ್ದರು. ಸಂಗ್ರಹಿಸಿದವರು: ಲೇಖಕರು. ನೆಲೆ: ಕಡಿದಾದ ಬಂಡೆಯ ಅಂಚು, ತಲುಪುವುದು ಕಷ್ಟ. ಕೊನೆಯಲ್ಲಿ ಕೃತಜ್ಞತೆ ಇತ್ತು. ಆಡಳಿತ ಮಂಡಳಿಗೆ, ಟೈಪು ಮಾಡಿದವರಿಗೆ, ತಾಳ್ಮೆಯಿಂದ ಸಹಕರಿಸಿದ ಧರ್ಮಪತ್ನಿಗೆ. ನಾನು ಎರಡು ಸಲ ಓದಿದೆ. ತಲುಪುವುದು ಕಷ್ಟ ಎಂಬ ಮಾತನ್ನು ಮೂರನೇ ಸಲವೂ ಓದಿದೆ. ಕೆರೆಯ ಮೆಟ್ಟಿಲು ಬಿಟ್ಟು ಏಳದ ಮನುಷ್ಯ.

ತರಬೇತಿ ಬಿಟ್ಟು ಅದೇ ದಿನ ಬಾಗಲಕೋಟೆಯ ಬಸ್ಸು ಹತ್ತಿದೆ. ಮುಖ್ಯಸ್ಥರು ತಮ್ಮ ಕೋಣೆಯಲ್ಲಿದ್ದರು. ಪತ್ರಿಕೆಯ ವಿಷಯ ಎತ್ತುತ್ತಲೇ ಗಾಬರಿಯಾಗುತ್ತಾರೆಂದು ಅಂದುಕೊಂಡಿದ್ದೆ. ಆಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ನೀವ ಹೇಳಿದ್ರೆಲ್ಲಾ, ನಿಮ್ಮ ಹೆಸರ ಇರ್ಲಿ ಅಂತ."

"ಮೊದಲ ಇರ್ಲಿ ಅಂದಿದ್ದೆ ಸರ್. ನಿಮ್ಮದೊಂದ ಇರ್ಲಿ ಅಂದಿರಲಿಲ್ಲ."

"ನೀವು ಬಿಟ್ಟು ಹೋದ್ರಿ. ಕಾಲೇಜಿನಾಗ ಇಲ್ಲದವರ ಹೆಸರ ಹೆಂಗ ಹಾಕೂದು?"

"ಗಿಡಾ ನಾ ತಂದಿದ್ದು. ಕ್ಷೇತ್ರ ಪುಸ್ತಕ ತಗಸ್ರಿ. ನನ್ನ ಅಕ್ಷರ ಐತಿ ಅದರಾಗ."

"ಹಳೇವೆಲ್ಲಾ ಇಲಿ ತಿಂದಾವ." ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಮತ್ತೇನರ ಪುರಾವೆ ಇದ್ರ ತರ್ರಿ. ಇಲ್ಲಂದ್ರ ಹಿಂಗ ಹಿರಿಯರ ಮ್ಯಾಲ ಮಾತಾಡಬ್ಯಾಡ್ರಿ, ನಿಮಗ ಶೋಭಾ ತರೂದಿಲ್ಲ," ಎಂದರು.

ಡಬ್ಬಿಯ ಸುಣ್ಣವನ್ನು ಅವರ ಮುಖಕ್ಕೆ ಎರಚಬೇಕೆನ್ನಿಸಿತು. ಎರಚಲಿಲ್ಲ ಎಂಬುದಕ್ಕೆ ಈಗಲೂ ಸ್ವಲ್ಪ ಬೇಸರವಿದೆ. ಪುರಾವೆ ಇರಲಿಲ್ಲ. ಚಿತ್ರದ ಮೇಲೆ ಸಹಿ ಹಾಕಿರಲಿಲ್ಲ, ತಜ್ಞರಿಗೆ ಹೋದ ಕಾಗದದಲ್ಲೂ ವಿಭಾಗದ ಹೆಸರಷ್ಟೇ ಇತ್ತು. ಆಡಿನ ಹೆಂಗಸನ್ನು ಯಾರು ಸಾಕ್ಷಿಗೆ ಕರೆಯುತ್ತಾರೆ?

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಹಾಳೆಯನ್ನು ಮೂಲ ಮಾದರಿ ಎಂದು ಗುರುತಿಸಿ ದೊಡ್ಡ ಸಸ್ಯಸಂಗ್ರಹಾಲಯದಲ್ಲಿ ಇಡಬೇಕು. ಆ ಗಿಡದ ಬಗ್ಗೆ ಜಗತ್ತಿನಲ್ಲಿ ಎಂಥ ತಕರಾರು ಬಂದರೂ ಕೊನೆಗೆ ಆ ಒಂದು ಹಾಳೆಯನ್ನೇ ನೋಡುವುದು. ಮುಖ್ಯಸ್ಥರು ಅದನ್ನು ಯಾವ ಊರಲ್ಲಿ ಇಟ್ಟಿದ್ದಾರೆಂದು ಪತ್ರಿಕೆಯಲ್ಲೇ ಇತ್ತು. ಬೇಸಿಗೆ ಸೂಟಿಯಲ್ಲಿ ಎರಡು ಬಸ್ಸು, ಒಂದು ರೈಲು ಬದಲಿಸಿ ಅಲ್ಲಿಗೆ ಹೋದೆ. ಏನು ನೋಡಲು ಹೋಗುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ಅವರ ಸುಳ್ಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿದ್ದಾರೆಯೇ ಎಂದು ನೋಡಿ ಇನ್ನಷ್ಟು ಉರಿದುಕೊಳ್ಳಲು ಇರಬೇಕು.

ಅಲ್ಲಿನ ಸಂಗ್ರಹ ನೋಡಿಕೊಳ್ಳುವ ಪಾಲಕರು ಬೆಳಗಾವಿ ಕಡೆಯ ವಯಸ್ಸಾದವರು, ಕನ್ನಡ ಬಲ್ಲವರು. ಉಕ್ಕಿನ ಕಪಾಟಿನಿಂದ ಕೆಂಪು ಅಂಚಿನ ರಟ್ಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಗಿಡ ಬಣ್ಣ ಕಳೆದುಕೊಂಡು ಕಂದಿಹೋಗಿತ್ತು. ಬಲಮೂಲೆಯ ಚೀಟಿಯಲ್ಲಿ ಮುಖ್ಯಸ್ಥರ ಹೆಸರು. ಗೆಡ್ಡೆಯ ಮೇಲೆ ಐದು ಕೆಂಪು ರೇಷ್ಮೆ ಎಳೆ.

"ಹಾಳಿ ತಿರಿವಿ ಹಾಕ್ರಿ," ಎಂದೆ. ಧ್ವನಿ ಸ್ವಲ್ಪ ಜೋರಾಯಿತು.

ಪಾಲಕರು ಎರಡೂ ಕೈ ಹಾಕಿ ನಿಧಾನವಾಗಿ ತಿರುಗಿಸಿದರು. ಹಿಂದೆ ಐದು ಕುಣಿಕೆ, ಐದೂ ಎಡಕ್ಕೆ ವಾಲಿದ್ದವು. ಅಲ್ಲೇ ಅತ್ತುಬಿಟ್ಟೆ. ಗ್ರಂಥಾಲಯದಲ್ಲಿ ಅತ್ತಿರಲಿಲ್ಲ, ಮುಖ್ಯಸ್ಥರ ಕೋಣೆಯಲ್ಲೂ ಅತ್ತಿರಲಿಲ್ಲ. ಆ ಮನುಷ್ಯ ನನ್ನ ಹೆಸರು, ಅಕ್ಷರ, ಭಾನುವಾರ ಎಲ್ಲವನ್ನೂ ಅಳಿಸಿದ್ದ. ಹಾಳೆಯ ಬೆನ್ನು ನೋಡಲು ಮಾತ್ರ ಅವನಿಗೆ ತೋಚಿರಲಿಲ್ಲ. ತಾನು ನಕ್ಕ ದಾರ ತನ್ನ ಹಾಳೆಯಲ್ಲೇ ಕೂತಿದೆ ಎಂದು ಅವನು ಮರೆತಿದ್ದ.

ಎಲ್ಲವನ್ನೂ ಪಾಲಕರಿಗೆ ಹೇಳಿದೆ. ಮಾರನೆಯ ದಿನ ಉಡಲೆಂದು ಚೀಲದಲ್ಲಿಟ್ಟಿದ್ದ ಅವ್ವ ನೇಯ್ದ ಸೀರೆಯನ್ನು ತೆಗೆದು, ಒಡಲು ಸೆರಗು ಕೂಡುವ ಜಾಗದ ಹಿಂಬದಿಯನ್ನು ಹಾಳೆಯ ಪಕ್ಕಕ್ಕೆ ಹಿಡಿದು ತೋರಿಸಿದೆ. ಅವರು ಭೂತಗನ್ನಡಿಯಲ್ಲಿ ಎರಡನ್ನೂ ಬಹಳ ಹೊತ್ತು ನೋಡಿದರು.

"ನೀವು ಹೇಳೂದು ಖರೆ ಅನಸ್ತದ. ಆದ್ರ ನಾವು ಕೋರ್ಟಲ್ಲ. ಅಂಟಿಸಿದ ಚೀಟಿ ಕೀಳಾಕ ನನಗೂ ಅಧಿಕಾರ ಇಲ್ಲ," ಎಂದರು. ಆಮೇಲೆ ಕೆಲವು ಖಾಲಿ ಚೀಟಿಗಳನ್ನು ನನ್ನ ಮುಂದೆ ಸರಿಸಿದರು: "ಹಂಗಂತ ಇನ್ನೊಂದು ಅಂಟಸಾಕ ಅಡ್ಡಿ ಇಲ್ಲ. ಹಾಳಿ ನೋಡಿದ ಸಸ್ಯಶಾಸ್ತ್ರದವರು ತಮಗ ತಿಳದಿದ್ದು ಬರದು, ಸಹಿ ಮಾಡಿ ಅಂಟಸಬಹುದು. ಅದನ್ನೂ ಮತ್ತ ಯಾರೂ ಕೀಳೂ ಹಂಗಿಲ್ಲ."

ನನಗೆ ಬೇಕಾದದ್ದು ಅದೇ. ಬೆರಳುದ್ದದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಈ ಗಿಡವನ್ನು ಬದಾಮಿಯ ಉತ್ತರ ಗುಡ್ಡದ ಅಂಚಿನಿಂದ ತಂದವಳು ನಾನು. ಪಕ್ಕದ ಚೀಟಿಯಲ್ಲಿ ಹೆಸರಿರುವವರು ಆ ಗುಡ್ಡ ಹತ್ತಿದವರಲ್ಲ. ಗೆಡ್ಡೆಯನ್ನು ಹೊಲಿದವರು ನನ್ನ ತಾಯಿ, ಹಾಳೆಯ ಹಿಂದಿನ ಕೊಂಡಿಗಳು ಸಾಕ್ಷಿ. ಕೆಳಗೆ ನನ್ನ ಪೂರ್ತಿ ಹೆಸರು, ಪದವಿ, ಊರು, ತಾರೀಖು. ಅವರ ಚೀಟಿಯ ಪಕ್ಕದಲ್ಲೇ, ಒಂದು ಕೂದಲೆಳೆ ಬಿಟ್ಟು ಅಂಟಿಸಿದೆ. ಇನ್ನು ಅವರ ಹೆಸರು ಓದುವವರು ನನ್ನದನ್ನು ಓದದೆ ಮುಂದೆ ಹೋಗುವಂತಿಲ್ಲ. ಬಾಗಲಕೋಟೆಯ ಕಾಲೇಜಿಗೂ ಅದರ ನಕಲು ಕಳಿಸಿದೆ. ಉತ್ತರ ಬರಲಿಲ್ಲ, ನಾನು ಕಾಯಲೂ ಇಲ್ಲ.

ಮನೆಗೆ ಬಂದಾಗ ಅವ್ವ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರು ಹಚ್ಚಿಕೊಂಡೆ. ಕೆಂಪು ರಟ್ಟು, ಐದು ಕುಣಿಕೆ, ಪಾಲಕರ ಭೂತಗನ್ನಡಿ, ಯಾರೂ ಕೀಳಲಾಗದ ಚೀಟಿ. ಅವ್ವ ರಾಟಿ ನಿಲ್ಲಿಸಿ ಪೂರ್ತಿ ಕೇಳಿದಳು. ಕುಣಿಕೆಗಳು ಬಿಚ್ಚಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ.

"ಚೀಟಿಯಾಗ ನನ್ನ ಹೆಸರ ಬರದಿಯೇನು?"

"ಬರದೀನಿ ಬೇ. ನನ್ನ ತಾಯಿ ಹೊಲದಿದ್ದು ಅಂತ."

"ತಾಯಿ ಅಂತ ಅಲ್ಲ. ನನ್ನ ಹೆಸರ."

ಅದು ಹೊಳೆದೇ ಇರಲಿಲ್ಲ. ಬೆರಳುದ್ದದ ಚೀಟಿಯಲ್ಲಿ ನನ್ನ ಹೆಸರಿಗೆ, ಪದವಿಗೆ, ಊರಿಗೆ ಜಾಗವಿತ್ತು.

"ಮತ್ತ ನಿಮ್ಮ ಸರ್ ಮ್ಯಾಲ ನಿನಗ್ಯಾಕ ಅಷ್ಟು ಸಿಟ್ಟು?" ಎಂದಳು ಅವ್ವ. ವ್ಯಂಗ್ಯ ಮಾಡಿದ್ದಲ್ಲ. ಕೇಳಿದ್ದಷ್ಟೇ.

ಮೈ ಬಿಸಿಯಾಯಿತು. ಚಪ್ಪಲಿ ಬಿಟ್ಟು ಬಂದು ಅವಳ ಎದುರು ಕೂತೆ. ಕೊನೆಗೆ, "ಮತ್ತ ಹೋಗಿ ಇನ್ನೊಂದು ಅಂಟಿಸಿ ಬರ್ತೇನಿ," ಎಂದೆ. ಅಷ್ಟು ದೂರ ಯಾಕೆ, ಬಿಡು ಎನ್ನುತ್ತಾಳೆಂದು ಕಾದೆ. ತಾಯಂದಿರು ಹಾಗೆ ಅನ್ನುತ್ತಾರೆ ಎಂದು ನನ್ನ ತಿಳುವಳಿಕೆ.

"ಹೋಗು," ಎಂದಳು. "ಒಂದ ಹಾಳಿ ಕೊಡು."

ಚೀಲದಲ್ಲಿ ಪಾಲಕರು ಕೊಟ್ಟ ಖಾಲಿ ಚೀಟಿಗಳು ಎರಡು ಉಳಿದಿದ್ದವು. ಒಂದನ್ನು ತೆಗೆದುಕೊಂಡು, ಪೆನ್ನು ಎಡಗೈಯಲ್ಲಿ ಹಿಡಿದು, ರಾಟಿಯ ಹಲಗೆಯ ಮೇಲಿಟ್ಟು ಅವ್ವ ತನ್ನ ಹೆಸರು ಬರೆದಳು. ಬರೆಯಲು ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ದೊಡ್ಡವಾಗಿ, ಎಡಕ್ಕೆ ವಾಲಿ, ಚೀಟಿಯ ಈ ತುದಿಯಿಂದ ಆ ತುದಿಯವರೆಗೂ ತುಂಬಿಕೊಂಡವು. ಬೇರೆ ಒಂದಕ್ಷರ ಬರೆಯಲೂ ಜಾಗ ಉಳಿಯಲಿಲ್ಲ. ಶಾಯಿ ಆರುವ ತನಕ ಊದಿ ನನ್ನ ಕೈಗೆ ಕೊಟ್ಟಳು.

"ಇದನ್ನ ಅಂಟಿಸಿ ಬಾ. ನಿನ್ನ ಕೈಲೆ ಬರೀಬ್ಯಾಡ."